ಅಧ್ಯಕ್ಷರು ಹತ್ತಿದ ಸ್ಟೂಲು

ಲೈಲ್ ಪ್ರೊಹಾಸ್ಕಾನ ಕಿವಿಗಳು ಮೊರದಗಲ ಇದ್ದವು. ಶಾಲೆಯಲ್ಲಿದ್ದಾಗ ಜೊತೆಯವರು, ಗಾಳಿ ಜೋರಾಗಿ ಬೀಸುವ ದಿನ ಜೇಬಿಗೆ ಕಲ್ಲು ತುಂಬಿಕೊಂಡು ಬಾ, ಇಲ್ಲದಿದ್ದರೆ ಹಾರಿಹೋಗಿ ಪಕ್ಕದ ರಾಜ್ಯ ಕಾನ್ಸಾಸ್‌ನಲ್ಲಿ ಬೀಳುತ್ತೀಯ ಎಂದು ರೇಗಿಸುತ್ತಿದ್ದರು. ಹೆಂಡತಿ ರೋಸೆಲ್ಲಾ ಪ್ರತಿ ಚಳಿಗಾಲಕ್ಕೂ ಅವನಿಗೆ ಉಣ್ಣೆಯ ಟೋಪಿ ಹೆಣೆಯಲು ಕೂತಾಗ, ಬೇರೆಯವರ ಗಂಡಂದಿರ ತಲೆಗೆ ಆಗುವಷ್ಟು ಉಣ್ಣೆ ಇವನ ಕಿವಿಗೇ ಸಾಲದು ಎಂದು ಗೊಣಗುತ್ತಿದ್ದಳು. ಐವತ್ತೊಂಬತ್ತು ವರ್ಷ ಆ ಕಿವಿಗಳಿಂದ ಮಾತು ಕೇಳಿಸಿಕೊಳ್ಳುವುದರ ಹೊರತು ಬೇರೆ ಪ್ರಯೋಜನ ಆಗಿರಲಿಲ್ಲ. ಆ ಅಕ್ಟೋಬರಿನಲ್ಲಿ ಮಾತ್ರ ಅವು ಅವನನ್ನು ಅಮೆರಿಕದ ಅಧ್ಯಕ್ಷನನ್ನಾಗಿ ಮಾಡಿಬಿಟ್ಟವು, ಒಂದು ಮಧ್ಯಾಹ್ನದ ಮಟ್ಟಿಗೆ.

ನೆಬ್ರಾಸ್ಕಾದ ಹಾಲೋವೇ ಊರಿನಲ್ಲಿ ಎಮೊರಿ ಸ್ಟಾಡರ್ಡ್ ಅಧ್ಯಕ್ಷರ ಗ್ರಂಥಾಲಯ ಮತ್ತು ಮ್ಯೂಸಿಯಂ ಇದೆ. ಲೈಲ್ ಅಲ್ಲಿ ಹನ್ನೊಂದು ವರ್ಷದಿಂದ ಮೆಕ್ಯಾನಿಕ್. ನೆಲಮಾಳಿಗೆಯ ಬಾಯ್ಲರು, ನೂರಾರು ದೀಪ, ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು ಎಲ್ಲ ಅವನ ಪಾಲಿಗೆ. ಸ್ಟಾಡರ್ಡ್ ನಾಲ್ಕೇ ವರ್ಷ ಆಳಿದವರು. ದೇಶ ಅವರನ್ನು ಹೆಚ್ಚು ಕಡಿಮೆ ಮರೆತಿದೆ, ಹಾಲೋವೇ ಮರೆತಿಲ್ಲ. ಹೈಸ್ಕೂಲಿಗೆ ಅವರ ಹೆಸರು, ಈಜುಕೊಳಕ್ಕೆ ಅವರ ಹೆಸರು, ಬೀದಿ ಮೂಲೆಯ ಡೋನಟ್ ಅಂಗಡಿಗೂ ಅವರದೇ ಹೆಸರು. ವರ್ಷಕ್ಕೊಮ್ಮೆ ಅವರ ಹುಟ್ಟುಹಬ್ಬದ ಶನಿವಾರ ಮ್ಯೂಸಿಯಂನಲ್ಲಿ 'ಅಧ್ಯಕ್ಷರ ಜೊತೆ ಒಂದು ಮಧ್ಯಾಹ್ನ' ಎಂಬ ಕಾರ್ಯಕ್ರಮ ನಡೆಯುತ್ತದೆ. ಒಮಾಹಾದಿಂದ ನಾಟಕದ ಮೇಷ್ಟ್ರೊಬ್ಬರು ಸ್ಟಾಡರ್ಡ್ ವೇಷದಲ್ಲಿ ಬಂದು, ವೇದಿಕೆಯ ಮೇಲೆ ಕೂತು, ಜನ ಕೇಳಿದ್ದಕ್ಕೆಲ್ಲ ಅಧ್ಯಕ್ಷರ ಹಾಗೆಯೇ ಉತ್ತರ ಕೊಡುವುದು, ಆಮೇಲೆ ಎಲ್ಲರೂ ಕೇಕು ತಿನ್ನುವುದು.

ಆ ವರ್ಷ ಮಂಗಳವಾರ ಬೆಳಿಗ್ಗೆ ಫೋನು ಬಂತು. ಮೇಷ್ಟ್ರು ಸೇಬು ಕೀಳಲು ಮರ ಹತ್ತಿ, ಬಿದ್ದು, ಕಾಲು ಮುರಿದುಕೊಂಡಿದ್ದರು.

ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ಮಾರ್ಗೋ ಟಿಲ್ಲರಿ ಮೂವತ್ತನಾಲ್ಕರ ಚುರುಕು ಹೆಂಗಸು, ನಡೆಯುವಾಗಲೂ ಅರ್ಧ ಓಡುವವಳು. ಫೋನು ಕೆಳಗಿಟ್ಟು ಮೊಗಸಾಲೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಏಣಿಯ ಮೇಲೆ ಲೈಲ್ ದೀಪ ಬದಲಾಯಿಸುತ್ತಿದ್ದ. ಕಿಟಕಿಯ ಬೆಳಕು ಅವನ ಬೆನ್ನ ಹಿಂದಿನಿಂದ ಬರುತ್ತಿತ್ತು.

"ಲೈಲ್, ಅಲ್ಲಾಡಬೇಡಿ."

"ಯಾಕೆ ಮೇಡಂ, ತಲೆ ಮೇಲೆ ಜೇಡ ಕೂತಿದೆಯಾ?"

"ಸ್ವಲ್ಪ ಎಡಕ್ಕೆ ತಿರುಗಿ. ಇನ್ನೂ ಸ್ವಲ್ಪ. ಅಯ್ಯೋ ದೇವರೇ, ಆ ಕಿವಿ!"

"ಕಿವಿ ಸುದ್ದಿಗೆ ಬಂದ್ರೆ ಮೇಲಿಂದ ಸ್ಕ್ರೂಡ್ರೈವರ್ ಬೀಳತ್ತೆ, ಈಗಲೇ ಹೇಳಿದೀನಿ."

ಮಾರ್ಗೋ ಅವನನ್ನು ಇಳಿಸಿ, ತೋಳು ಹಿಡಿದು, ಬಾಗಿಲ ಬಳಿಯ ಆಳೆತ್ತರದ ಫೋಟೋದ ಮುಂದೆ ನಿಲ್ಲಿಸಿದಳು. ಹನ್ನೊಂದು ವರ್ಷ ಆ ಫೋಟೋದ ಗಾಜು ಒರೆಸಿದವನು ಲೈಲೇ. ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ. ಅದೇ ಗಿಡ್ಡ ಕತ್ತು, ಅದೇ ಚೌಕ ಗದ್ದ. ಕಿವಿಗಳಂತೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು.

"ಇನ್ನೂರು ಜನ ಹೆಸರು ಕೊಟ್ಟಿದಾರೆ ಲೈಲ್. ಮೂರು ಶಾಲೆ ಬಸ್ಸು ಬರ್ತಿದೆ. ಕೇಕಿಗೂ ಹೇಳಾಗಿದೆ. ನೀವು ಒಪ್ಪಲೇಬೇಕು."

ಲೈಲ್‌ಗೆ ಇಲ್ಲ ಎಂಬ ಮಾತು ನಾಲಿಗೆಯಲ್ಲಿ ತಿರುಗುತ್ತಲೇ ಇರಲಿಲ್ಲ. ಪಕ್ಕದ ಮನೆಯವನು ಹುಲ್ಲು ಕೊಯ್ಯುವ ಯಂತ್ರ ಒಯ್ದು ಎರಡು ಬೇಸಿಗೆ ಕಳೆದರೂ ಕೇಳದವನು ಅವನು. ಆದರೂ ಅಂದು ಅವನು ಫೋಟೋದ ಮುಂದೆ ಬಹಳ ಹೊತ್ತು ಟೋಪಿ ತಿರುಗಿಸುತ್ತ ನಿಂತ. ಯಾಕೆಂದರೆ ಪ್ರೊಹಾಸ್ಕಾ ಮನೆತನಕ್ಕೂ ಸ್ಟಾಡರ್ಡ್ ಅಧ್ಯಕ್ಷರಿಗೂ ಎಪ್ಪತ್ತನಾಲ್ಕು ವರ್ಷದ ಜಗಳವಿತ್ತು. ಅದು ಮ್ಯೂಸಿಯಂನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಜಗಳಕ್ಕೆ ಕಾರಣ ಮೂರನೇ ಹಾಲಿನಲ್ಲಿ, ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದು ಸ್ಟೂಲು. ಹಸಿರು ಬಣ್ಣ ಹಚ್ಚಿದ, ಮೊಣಕಾಲೆತ್ತರದ ಅಡುಗೆಮನೆಯ ಸ್ಟೂಲು. ಸ್ಟಾಡರ್ಡ್ ರೈಲಿನಲ್ಲಿ ಊರೂರು ಸುತ್ತಿ ಓಟು ಕೇಳುತ್ತಿದ್ದ ಕಾಲದಲ್ಲಿ ಡೂಬ್ರಾ ಎಂಬ ಹಳ್ಳಿಯಲ್ಲೂ ಹತ್ತು ನಿಮಿಷ ರೈಲು ನಿಂತಿತ್ತು. ಆಳು ಗಿಡ್ಡ, ಹಿಂದಿನ ಬೋಗಿಯ ಕಟಕಟೆ ಎತ್ತರ. ಕೆಳಗೆ ನಿಂತ ಜನಕ್ಕೆ ಹ್ಯಾಟು ಮತ್ತು ಎರಡು ಕಿವಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲವಂತೆ. ಆಗ ಅವರು ಒಂದು ಸ್ಟೂಲು ಹತ್ತಿ ನಿಂತು ಮಾತಾಡಿದರು. ಮಾತು ಜನರ ಮನಸ್ಸಿಗೆ ನಾಟಿತು, ಸ್ಟೂಲಿನ ಮೇಲೆ ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂತು, ಅಲ್ಲಿಂದಾಚೆ ಪ್ರಚಾರ ಮುಗಿಯುವವರೆಗೂ ಅವರು ಅದನ್ನು ಬಿಡಲಿಲ್ಲ. ಪೆಟ್ಟಿಗೆಯ ಕೆಳಗಿನ ಫಲಕದಲ್ಲಿ ಹೀಗೆ ಬರೆದಿತ್ತು: 'ಡೂಬ್ರಾ ಭಾಷಣದ ಸ್ಟೂಲು. ಅಧ್ಯಕ್ಷರ ತಾಯಿಯ ಅಡುಗೆಮನೆಯದು.'

"ಅವನಮ್ಮನ ಅಡುಗೆಮನೇದಂತೆ! ನಮ್ಮಮ್ಮನ ಅಡುಗೆಮನೇದು ಕಣೋ ಅದು!" ಎಂದು ಲೈಲ್‌ನ ಸೋದರತ್ತೆ ಅಲ್ಬೀನಾ, ಪ್ರತಿ ಹಬ್ಬದೂಟಕ್ಕೂ ಹೇಳುತ್ತಿದ್ದಳು. "ಹಾಡಹಗಲೇ ಬಂದು ಕಿತ್ಕೊಂಡು ಹೋದ. ಮೂರು ವರ್ಷ ನಮ್ಮಮ್ಮನಿಗೆ ಮೇಲಿನ ಕಪಾಟಿನ ಉಪ್ಪಿನ ಡಬ್ಬಿ ಕೈಗೆ ಸಿಗಲಿಲ್ಲ."

ಅಲ್ಬೀನಾ ಅತ್ತೆಗೆ ಎಂಬತ್ತನಾಲ್ಕು. ಮದುವೆಯಾಗಲಿಲ್ಲ. ಡೂಬ್ರಾದ ಅಂಚೆ ಕಚೇರಿಯನ್ನು ಮೂವತ್ತೆಂಟು ವರ್ಷ ಒಬ್ಬಳೇ ನಡೆಸಿದವಳು. ಮ್ಯೂಸಿಯಂ ತೆರೆದಾಗ ಪತ್ರಿಕೆಯಲ್ಲಿ ಸ್ಟೂಲಿನ ಫೋಟೋ ನೋಡಿ, ಆ ಕಳ್ಳನ ಮನೆ ಮೆಟ್ಟಿಲು ತುಳಿಯುವುದಿಲ್ಲ ಎಂದು ಶಪಥ ಮಾಡಿದ್ದಳು. ಲೈಲ್ ಅಲ್ಲೇ ಕೆಲಸಕ್ಕೆ ಸೇರಿದಾಗ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಳು. ಆಮೇಲೆ ಒಂದು ಬುಟ್ಟಿ ಕೊಲಾಚೆ, ಅಂದರೆ ಗಸಗಸೆಯ ಸಿಹಿ ಬನ್ನು, ಬೇಯಿಸಿ ಕಳಿಸಿ, 'ಹೊಟ್ಟೆಪಾಡು, ಏನು ಮಾಡೋದು' ಎಂದು ಚೀಟಿ ಬರೆದಿಟ್ಟಿದ್ದಳು.

ನಿಜ ಹೇಳಬೇಕೆಂದರೆ ಲೈಲ್ ಅವಳ ಮಾತನ್ನು ಪೂರ್ತಿ ನಂಬಿರಲಿಲ್ಲ. ಅತ್ತೆಯ ಕಥೆಗಳು ವರ್ಷದಿಂದ ವರ್ಷಕ್ಕೆ ಬೆಳೆಯುವ ಜಾತಿಯವು. ಅವಳು ಹಿಡಿದ ಮೀನು, ಅವಳು ಕಂಡ ಸುಂಟರಗಾಳಿ, ಯಾವುದೂ ಮೊದಲ ಅಳತೆಯಲ್ಲಿ ಉಳಿದಿರಲಿಲ್ಲ. ಇನ್ನು ಸ್ಟೂಲೊಂದೇ ಹೇಗೆ ಉಳಿದೀತು? ಹಾಗಂತ ಅವಳ ಮುಖಕ್ಕೆ ಹೇಳುವ ಧೈರ್ಯವೂ ಅವನಿಗಿರಲಿಲ್ಲ. ಅತ್ತ ಫಲಕ ಸುಳ್ಳು ಎಂದು ಮ್ಯೂಸಿಯಂನವರಿಗೆ ಹೇಳುವ ಧೈರ್ಯವೂ ಇರಲಿಲ್ಲ. ಹನ್ನೊಂದು ವರ್ಷ ಆ ಗಾಜಿನ ಪೆಟ್ಟಿಗೆಯ ದೀಪ ಬದಲಾಯಿಸುತ್ತ ಸುಮ್ಮನಿದ್ದುಬಿಟ್ಟಿದ್ದ.

"ಆಯ್ತು ಮೇಡಂ," ಅಂದ ಕೊನೆಗೆ.

ಮೂರು ದಿನ ಅವನಿಗೆ ಪಾಠ ಹೇಳಿದವರು ಹಾರೊಲ್ಡ್ ಪಿಂಕ್ನಿ. ಮ್ಯೂಸಿಯಂನ ಒಂದೊಂದು ವಸ್ತುವೂ, ಒಂದೊಂದು ಕಾಗದವೂ ಅವರ ಸುಪರ್ದಿನಲ್ಲಿತ್ತು. ತೆಳ್ಳಗೆ ಉದ್ದಕ್ಕೆ ಇದ್ದ ಮನುಷ್ಯ, ಜೇಬಿನಲ್ಲಿ ಸದಾ ಒಂದು ಜೊತೆ ಬಿಳಿ ಕೈಗವಸು. ದಪ್ಪ ಕಡತವೊಂದನ್ನು ಲೈಲ್‌ನ ತೊಡೆಯ ಮೇಲಿಟ್ಟು ಹೇಳಿದರು:

"ಒಂದೇ ನಿಯಮ. ಕಾಗದದಲ್ಲಿ ಇಲ್ಲದ ಮಾತು ಅಧ್ಯಕ್ಷರ ಬಾಯಲ್ಲಿ ಬರಕೂಡದು."

"ಮಕ್ಕಳು ಏನೇನೋ ಕೇಳ್ತಾರಲ್ಲ ಸಾರ್?"

"'ಅದನ್ನ ನನ್ನ ಕಾರ್ಯದರ್ಶೀನ ಕೇಳಿ ಹೇಳ್ತೀನಿ' ಅನ್ನಿ. ನಗುನಗುತ್ತಾ ಅನ್ನಿ. ಮುಂದಿನ ಪ್ರಶ್ನೆಗೆ ಹೋಗಿ."

ಲೈಲ್ ಬಾಯ್ಲರಿನ ಪಕ್ಕ ಕೂತು ಕಡತ ಉರು ಹೊಡೆದ. ಸ್ಟಾಡರ್ಡ್‌ರ ನಾಯಿಯ ಹೆಸರು, ಅವರಿಗೆ ಸೇರದ ತರಕಾರಿ, ಅವರು ತಂದ ಕಾಯಿದೆಗಳು. ಓದುತ್ತ ಓದುತ್ತ ಅವನಿಗೆ ಮನುಷ್ಯ ಅಷ್ಟೇನೂ ಕೆಟ್ಟವನಲ್ಲ ಅನಿಸತೊಡಗಿತು. ತಂಗಿಗೆ ಬರೆದ ಕಾಗದದಲ್ಲಿ, 'ದೇಶ ಆಳುವುದು ಕಷ್ಟವಲ್ಲ, ಬೆಳಿಗ್ಗೆಯಿಂದ ಬಿಗಿಯಾದ ಬೂಟಿನಲ್ಲಿ ನಿಂತಿರುವುದು ಕಷ್ಟ' ಎಂದು ಬರೆದಿದ್ದರು. ಲೈಲ್ ಅದನ್ನು ಎರಡು ಸಲ ಓದಿದ.

ಗುರುವಾರ ಸಂಜೆ ಅತ್ತೆಯ ಫೋನು ಬಂತು. ರೋಸೆಲ್ಲಾ ಬಾಯಿಬಿಟ್ಟಿದ್ದಳು.

"ಏನೋ, ಕಳ್ಳನ ವೇಷ ಹಾಕ್ತೀಯಂತೆ?"

"ಅತ್ತೆ, ಅದು ಹಾಗಲ್ಲ..."

"ಎಷ್ಟು ಗಂಟೆಗೆ?"

"ಎರಡು ಗಂಟೆಗೆ. ಯಾಕೆ? ನೀನು ಬರಲ್ಲ ಅಂತ ಶಪಥ ಮಾಡಿದ್ದೀಯಲ್ಲ?"

"ಶಪಥ ಮಾಡಿದ್ದು ನಾನೇ ತಾನೆ? ಮುರಿಯೋಳೂ ನಾನೇ. ಮುಂದಿನ ಸಾಲಲ್ಲಿ ಕುರ್ಚಿ ಹಿಡಿದಿಡು."

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಬೂದು ಸೂಟು, ಚುಕ್ಕೆ ಟೈ, ಹ್ಯಾಟು ತೊಟ್ಟು ಲೈಲ್ ವೇದಿಕೆಗೆ ಬಂದಾಗ ಮೊದಲು ಒಂದು ಉಸಿರೆಳೆದ ಸದ್ದು, ಆಮೇಲೆ ಚಪ್ಪಾಳೆ. ಹಿಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು ಸಲ್ಯೂಟ್ ಹೊಡೆದರು. ಮಕ್ಕಳು ಶುರು ಮಾಡಿದ ಮೇಲೆ ಲೈಲ್‌ಗೆ ಹೆದರಲು ಪುರಸೊತ್ತೇ ಸಿಗಲಿಲ್ಲ.

"ನಿಮ್ಮ ನಾಯಿ ಶ್ವೇತಭವನದಲ್ಲಿ ಎಲ್ಲಿ ಕಕ್ಕ ಮಾಡ್ತಿತ್ತು?" ಎಂದು ಎರಡನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು.

"ವಿರೋಧ ಪಕ್ಷದವರು ಬಂದಾಗ ಅವರ ಬೂಟಿನ ಹತ್ರ," ಅಂದ ಲೈಲ್. ಅದು ಕಾಗದದಲ್ಲಿತ್ತು, ಪುಟ ನಲವತ್ತೊಂದು. ಸಭೆ ಬಿದ್ದು ಬಿದ್ದು ನಕ್ಕಿತು. ಗೋಡೆಗೆ ಒರಗಿ ನಿಂತಿದ್ದ ಪಿಂಕ್ನಿಯವರೂ ತುಟಿಯ ಒಂದು ಮೂಲೆಯನ್ನು ಮೇಲೆತ್ತಿದರು.

ಹೀಗೆ ಅರ್ಧ ಗಂಟೆ ಸೊಗಸಾಗಿ ಸಾಗಿತು. ಆಮೇಲೆ ಮೈಕಿನ ಮುಂದಿನ ಸಾಲು ಕರಗುತ್ತ ಬಂದು, ಕೊನೆಯಲ್ಲಿ ಊರುಗೋಲು ಹಿಡಿದು, ನೀಲಿ ಕೋಟು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ನಿಂತಿದ್ದ ಅಲ್ಬೀನಾ ಅತ್ತೆ ಕಂಡಳು.

ಅವಳು ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು. ಲೈಲ್‌ನನ್ನು ನೋಡಿ ಕಣ್ಣು ಮಿಟುಕಿಸಲಿಲ್ಲ. ಗುರುತೇ ಇಲ್ಲದವಳ ಹಾಗೆ ನೋಡಿದಳು.

"ಅಧ್ಯಕ್ಷರೇ, ನಾನು ಡೂಬ್ರಾದ ಅಲ್ಬೀನಾ ಪ್ರೊಹಾಸ್ಕಾ. ನೀವು ನಮ್ಮೂರಿಗೆ ಬಂದಾಗ ನಂಗೆ ಹತ್ತು ವರ್ಷ. ಒಂದೇ ಒಂದು ಪ್ರಶ್ನೆ ಇದೆ."

"ಕೇಳಿಮ್ಮ," ಅಂದ ಲೈಲ್.

"ನಮ್ಮಮ್ಮನ ಸ್ಟೂಲು ಯಾವಾಗ ವಾಪಸ್ ಕೊಡ್ತೀರ?"

ಸಭೆ ನಕ್ಕಿತು. ಇದೂ ಕಾರ್ಯಕ್ರಮದ ಒಂದು ಭಾಗವಿರಬೇಕು ಎಂದುಕೊಂಡರು ಜನ. ಅತ್ತೆ ನಗಲಿಲ್ಲ. ಅವಳು ಹಾಗೆಯೇ ನೋಡುತ್ತಿದ್ದಳು, ಊರುಗೋಲಿನ ಮೇಲೆ ಎರಡು ಕೈ ಇಟ್ಟುಕೊಂಡು. ನಗು ಒಂದೊಂದಾಗಿ ಆರಿತು.

ಗೋಡೆಯ ಬಳಿಯಿಂದ ಪಿಂಕ್ನಿ ತುಟಿ ಅಲ್ಲಾಡಿಸುತ್ತಿದ್ದರು: ಕಾರ್ಯದರ್ಶಿ. ಕಾರ್ಯದರ್ಶಿ ಅನ್ನಿ.

ಲೈಲ್ ಬಾಯಿ ತೆರೆದ. ಆ ಮಾತು ಹೇಳುವುದೇ ಸುಲಭವಿತ್ತು. ಆದರೆ ಮುಂದೆ ನಿಂತಿದ್ದವಳು ಊರುಗೋಲಿಗೆ ಭಾರ ಬಿಟ್ಟು ಉತ್ತರಕ್ಕೆ ಕಾಯುತ್ತಿದ್ದಳು. ಹಬ್ಬದೂಟದಲ್ಲಿ ಮೇಜು ಗುದ್ದಿ ಮಾತಾಡುವ ಅತ್ತೆಯಲ್ಲ ಇವಳು, ಎಪ್ಪತ್ತನಾಲ್ಕು ವರ್ಷ ಕಾದು ಒಂದು ಪ್ರಶ್ನೆ ಕೇಳಲು ಬಂದವಳು. ಲೈಲ್ ಎದ್ದು ಹ್ಯಾಟು ತೆಗೆದ. ವೇದಿಕೆಯ ಮೂರು ಮೆಟ್ಟಿಲು ಇಳಿದು ಅವಳ ಮುಂದೆ ಬಂದು ನಿಂತ.

"ನಿಮ್ಮ ತಾಯಿ ಹೆಸರೇನಮ್ಮ?"

"ಅಂತೋನಿಯಾ."

"ಅಂತೋನಿಯಾ ಅವರಿಗೆ ನಾನು ಕ್ಷಮೆ ಕೇಳ್ಬೇಕು. ಅವತ್ತು ನಾನು ಅದರ ಮೇಲೆ ನಿಂತಿದ್ದೆ, ಜನ ಚಪ್ಪಾಳೆ ಹೊಡೀತಿದ್ರು. ಚಪ್ಪಾಳೆ ಬೀಳೋವಾಗ ಯಾರಿಗೂ ಕಾಲ ಕೆಳಗೆ ಏನಿದೆ ಅಂತ ನೆನಪಿರಲ್ಲ. ರೈಲು ಹೊರಟುಬಿಡ್ತು. ಮುಂದಿನ ಸ್ಟೇಷನ್ನಿಂದ ವಾಪಸ್ ಕಳಿಸ್ಬಹುದಿತ್ತು, ಕಳಿಸ್ಲಿಲ್ಲ. ತಪ್ಪಾಯ್ತು."

ಸಲ್ಯೂಟ್ ಹೊಡೆದಿದ್ದ ಆ ಮುದುಕರೇ ಮೊದಲು ಚಪ್ಪಾಳೆ ಶುರು ಮಾಡಿದರು, ಉಳಿದವರು ಸೇರಿಕೊಂಡರು. ಅತ್ತೆ ಮೂಗು ಒರೆಸಿಕೊಂಡು ಮೈಕಿನಲ್ಲೇ "ಸರಿ" ಅಂದಳು. ಮಾರ್ಗೋ ಬುದ್ಧಿವಂತೆ, ತಕ್ಷಣ ಕೇಕು ಇಟ್ಟಿದ್ದ ಕೋಣೆಯ ಬಾಗಿಲು ತೆರೆಸಿದಳು. ಮೂರು ಬಸ್ಸಿನ ಮಕ್ಕಳು ಅತ್ತ ನುಗ್ಗಿದರು.

ಪಿಂಕ್ನಿ ಮಾತ್ರ ಬಿಳಿಚಿಕೊಂಡಿದ್ದರು. ಲೈಲ್‌ನನ್ನೂ ಅತ್ತೆಯನ್ನೂ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಏನು ಮಾಡಿದ್ರಿ ನೀವು? ಅಧ್ಯಕ್ಷರ ಮ್ಯೂಸಿಯಂನಲ್ಲಿ ಅಧ್ಯಕ್ಷರ ಬಾಯಿಂದಲೇ ಕಳ್ಳತನ ಒಪ್ಪಿಸಿಬಿಟ್ರಿ! ಯಾವ ಪುಟದಲ್ಲಿದೆ ಅದು?"

"ಯಾವ ಪುಟದಲ್ಲೂ ಇಲ್ಲ ಸಾರ್," ಅಂದ ಲೈಲ್. "ಇವರು ನನ್ನ ಸೋದರತ್ತೆ."

"ಅತ್ತೆ ಇರಲಿ, ಅಜ್ಜಿ ಇರಲಿ! ಆ ಸ್ಟೂಲು ಅಧ್ಯಕ್ಷರ ಮನೆಯಿಂದಲೇ ಬಂದದ್ದು. ಅವರ ತಂಗಿ ಬರೆದುಕೊಟ್ಟಿದ್ದಾರೆ."

"ಅವಳು ಡೂಬ್ರಾದಲ್ಲಿ ಇದ್ಳಾ?" ಎಂದು ಅತ್ತೆ ಕೇಳಿದಳು. "ಇರ್ಲಿಲ್ಲ. ನಾನಿದ್ದೆ. ಆ ಸ್ಟೂಲು ಮಗುಚಿ ನೋಡಪ್ಪಾ, ಅಡಿಯಲ್ಲಿ ನನ್ನ ಚ್ಯೂಯಿಂಗ್ ಗಮ್ ಇರತ್ತೆ."

ಪಿಂಕ್ನಿ ಏನೋ ಹೇಳಲು ಹೊರಟವರು ಅರ್ಧಕ್ಕೇ ನಿಂತರು.

"ಏನಂದ್ರಿ?"

"ಚ್ಯೂಯಿಂಗ್ ಗಮ್. ಲವಂಗದ್ದು. ಅಮ್ಮ ಅಡುಗೆಮನೆಗೆ ಬರೋವಾಗ ನಾನು ಬಾಯಿಂದ ತೆಗೆದು ಸ್ಟೂಲಿನ ಅಡಿಗೆ ಅಂಟಿಸ್ತಿದ್ದೆ. ಅಗೀತಿರೋದು ಕಂಡ್ರೆ ಬೀಳ್ತಿತ್ತು ಸೌಟಿನಲ್ಲಿ."

ಪಿಂಕ್ನಿ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಆಮೇಲೆ ಎದ್ದು, ಕಬ್ಬಿಣದ ಬೀರು ತೆರೆದು, ಹಳದಿ ಕಾರ್ಡೊಂದನ್ನು ತೆಗೆದರು. ಅವರು ಕೆಲಸಕ್ಕೆ ಸೇರುವ ಮೊದಲೇ ಯಾರೋ ಬರೆದಿಟ್ಟ ವಿವರ ಅದರಲ್ಲಿತ್ತು. ಕಾರ್ಡನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೇಳಿದರು:

"ಎಷ್ಟು?"

"ಮೂರು," ಅಂದಳು ಅತ್ತೆ, ತಡವಿಲ್ಲದೆ.

ಪಿಂಕ್ನಿಯವರ ಭುಜ ಇಳಿಯಿತು. ಅದು ನೆಮ್ಮದಿಯೋ ನಿರಾಸೆಯೋ ಲೈಲ್‌ಗೆ ತಿಳಿಯಲಿಲ್ಲ. "ಇಲ್ಲಿ ನಾಲ್ಕು ಅಂತಿದೆ," ಅಂದರು. "'ತಳಭಾಗದಲ್ಲಿ ಅಂಟಿನಂಥ ವಸ್ತುವಿನ ನಾಲ್ಕು ಉಂಡೆ. ಏನೆಂದು ತಿಳಿದಿಲ್ಲ. ತೆಗೆದಿಲ್ಲ.'"

"ಮೂರೇ. ನಂಗೆ ಚೆನ್ನಾಗಿ ನೆನಪಿದೆ. ನಾಲ್ಕು ಇರೋಕೆ ಸಾಧ್ಯಾನೇ ಇಲ್ಲ."

"ನೋಡೇಬಿಡೋಣ," ಅಂದ ಲೈಲ್. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವನಿಗೇ ಆಶ್ಚರ್ಯ.

ಮೂರನೇ ಹಾಲನ್ನು ಮುಚ್ಚಿ, ಪಿಂಕ್ನಿ ಗಾಜಿನ ಪೆಟ್ಟಿಗೆಯ ಬೀಗ ತೆಗೆದರು. ಕೈಗವಸು ತೊಟ್ಟು ಸ್ಟೂಲನ್ನು ಕೂಸಿನ ಹಾಗೆ ಎತ್ತಿ, ಮೆತ್ತನೆಯ ಬಟ್ಟೆಯ ಮೇಲೆ ಮಗುಚಿದರು. ಲೈಲ್ ಕೈದೀಪ ಹಿಡಿದ. ಅಡಿಯ ಮರಕ್ಕೆ ಬಣ್ಣವಿರಲಿಲ್ಲ. ಒಂದು ಮೂಲೆಯಲ್ಲಿ ಕಪ್ಪುಗಟ್ಟಿದ ಮೂರು ಉಂಡೆ, ಅಚ್ಚುಕಟ್ಟಾಗಿ ಒಂದೇ ಸಾಲಿನಲ್ಲಿ. ದೂರದಲ್ಲಿ, ಎದುರು ಕಾಲಿನ ಸಂದಿಯಲ್ಲಿ, ನಾಲ್ಕನೆಯದು. ಅದು ಪುಟ್ಟದು. ಅದರ ಮೇಲೆ ಹಲ್ಲಿನ ಗುರುತು ಸ್ಪಷ್ಟವಾಗಿತ್ತು, ಅಕ್ಕಿಕಾಳಿನಷ್ಟು ಸಣ್ಣ ಹಲ್ಲು, ನಡುವೆ ಒಂದು ಹಲ್ಲು ಬಿದ್ದ ಖಾಲಿ ಜಾಗ.

ಅತ್ತೆ ಬಗ್ಗಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು.

"ಲಾದಿಸ್ಲಾವ್!" ಎಂದು ಕೂಗಿದಳು. "ಆ ಕಳ್ಳ! ನನ್ನ ಗಮ್ ಡಬ್ಬಿಯಿಂದ ಒಂದು ಕಮ್ಮಿಯಾಗಿತ್ತು, ನಾನು ತಗೊಂಡಿಲ್ಲ ಅಂತ ದೇವರ ಮೇಲೆ ಆಣೆ ಹಾಕಿದ್ದ!"

ಲಾದಿಸ್ಲಾವ್ ಎಂದರೆ ಲೈಲ್‌ನ ಅಪ್ಪ. ಅತ್ತೆಯ ತಮ್ಮ. ಸತ್ತು ಏಳು ವರ್ಷವಾಗಿತ್ತು. ರೈಲು ಬಂದ ವರ್ಷ ಅವನಿಗೆ ಆರು.

ಲೈಲ್ ಆ ಗುರುತನ್ನೇ ನೋಡುತ್ತ ಕೂತ. ಅವನಿಗೆ ಗೊತ್ತಿದ್ದ ಅಪ್ಪ ಮಾತು ಕಮ್ಮಿ, ನಗು ಇನ್ನೂ ಕಮ್ಮಿ, ಟ್ರ್ಯಾಕ್ಟರಿನ ಎಂಜಿನ್ ಬಿಟ್ಟರೆ ಬೇರೆ ಯಾವುದರ ಮುಂದೆಯೂ ಬಾಗದ ಮನುಷ್ಯ. ಅಕ್ಕನ ಗಮ್ ಕದ್ದು ಅಗಿದು, ಅಮ್ಮ ಬರುವ ಸದ್ದಿಗೆ ಬೆಚ್ಚಿ ಸ್ಟೂಲಿನ ಅಡಿಗೆ ಅಂಟಿಸಿದ ಹಲ್ಲುಬಿದ್ದ ಪೋರ ಅವನಿಗೆ ಗೊತ್ತಿರಲಿಲ್ಲ. ಅವನು ಕೈದೀಪವನ್ನು ಆ ಪುಟ್ಟ ಉಂಡೆಯ ಹತ್ತಿರಕ್ಕೇ ಒಯ್ದ. ಪಿಂಕ್ನಿ ನೋಡಿಯೂ ನೋಡದವರಂತೆ, "ಬೆಳಕು ಸ್ವಲ್ಪ ಈ ಕಡೆ" ಅಂದರು, ಮೆಲ್ಲಗೆ. ತುಸು ಹೊತ್ತಿನ ಮೇಲೆ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದುಕೊಂಡರು. "ಫಲಕ ತಪ್ಪು," ಅಂದರು. ಆ ಎರಡು ಪದ ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಲೈಲ್‌ಗೆ ಕಾಣುತ್ತಿತ್ತು. "ನಾನು ವಾಷಿಂಗ್ಟನ್‌ನ ಮುಖ್ಯ ಕಚೇರಿಗೆ ಬರೀತೀನಿ."

ಜನ ಚದುರಿದ ಮೇಲೆ ಲೈಲ್, ಇನ್ನೂ ಅದೇ ಸೂಟಿನಲ್ಲಿ, ಅತ್ತೆಯನ್ನು ಹೊರಗಿನ ಬೆಂಚಿಗೆ ಕರೆತಂದ. ಕಾಗದದ ತಟ್ಟೆಯಲ್ಲಿ ಇಬ್ಬರಿಗೂ ಒಂದೊಂದು ತುಂಡು ಕೇಕು. ಬಿಸಿಲು ಹಿತವಾಗಿತ್ತು. ಗೆದ್ದು ಬಂದವಳು ಕುಣಿಯಬೇಕಿತ್ತು, ಆದರೆ ಅತ್ತೆ ಚಮಚದಲ್ಲಿ ಕೇಕಿನ ಮೇಲಿನ ಸಕ್ಕರೆ ಹೂವನ್ನು ಅತ್ತ ಇತ್ತ ತಳ್ಳುತ್ತ ಕೂತಳು.

"ಏನಾಯ್ತು ಅತ್ತೆ? ಸುಸ್ತಾ?"

"ನೀನು ಯಾಕೋ ಹಾಗೆ ಕ್ಷಮೆ ಕೇಳಿದೆ?"

"ಮತ್ತೇನು ಮಾಡ್ಬೇಕಿತ್ತು? ನೀನೇ ಕೇಳಿದ್ದಲ್ವಾ?"

"ಅವನು ಜಗಳ ಆಡ್ತಾನೆ ಅಂದ್ಕೊಂಡು ಬಂದಿದ್ದೆ. ಜಗಳಕ್ಕೆ ತಯಾರಾಗಿ ಬಂದಿದ್ದೆ ಕಣೋ." ಅವಳು ತಟ್ಟೆ ಕೆಳಗಿಟ್ಟಳು. "ಲೈಲ್, ಅವನು ಕಿತ್ಕೊಂಡು ಹೋಗ್ಲಿಲ್ಲ."

ಲೈಲ್‌ನ ಚಮಚ ಬಾಯಿಯ ಹತ್ತಿರವೇ ನಿಂತಿತು.

"ನಾನೇ ಕೊಟ್ಟೆ. ಎಲ್ಲರೂ ಕಾಣಲ್ಲ ಕಾಣಲ್ಲ ಅಂತ ನಗ್ತಿದ್ರು. ಅವನ ಮುಖ ನೋಡಿ ನಂಗೆ ಪಾಪ ಅನ್ನಿಸ್ತು. ಮನೆಗೆ ಓಡಿದೆ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕ್ತಿದ್ಳು. ಸ್ಟೂಲು ಎತ್ಕೊಂಡು ಬಂದು ಅವನ ಕೈಗೇ ಕೊಟ್ಟೆ. 'ಥ್ಯಾಂಕ್ಸ್ ಪುಟ್ಟಿ, ಆಮೇಲೆ ಕೊಡ್ತೀನಿ' ಅಂದ. ರೈಲು ಹೋಯ್ತು. ಸಂಜೆ ಅಮ್ಮ ಸ್ಟೂಲೆಲ್ಲಿ ಅಂತ ಕೇಳಿದ್ಳು. ಕೈಯಲ್ಲಿ ಸೌಟಿತ್ತು. ಆ ಮನುಷ್ಯ ಕಿತ್ಕೊಂಡ ಅಂದುಬಿಟ್ಟೆ."

"ಅತ್ತೆ!"

"ಅಪ್ಪ ಕೆಂಡಾಮಂಡಲ ಆದ. ಊರಿಗೆಲ್ಲ ಹೇಳಿದ. ಆಮೇಲೆ ಅಲ್ಲ ಅಂತ ಹೇಗೆ ಹೇಳ್ಲಿ? ವರ್ಷ ಕಳೀತಾ ಕಳೀತಾ ನಂಗೇ ಹಾಗೇ ನೆನಪಾಗೋಕೆ ಶುರುವಾಯ್ತು. ಇವತ್ತು ನೀನು ಹ್ಯಾಟು ತೆಗೆದು ಮುಂದೆ ಬಂದು ನಿಂತೆಯಲ್ಲ, ಆಗ ಇದ್ದದ್ದು ಇದ್ದ ಹಾಗೆ ಕಣ್ಣ ಮುಂದೆ ಬಂತು."

ಲೈಲ್ ಕೇಕಿನ ತಟ್ಟೆಯನ್ನು ಬೆಂಚಿನ ಮೇಲಿಟ್ಟ. ಕೋಪ ಬಂತು ಎಂದುಕೊಂಡ, ನೋಡಿದರೆ ನಗು. ಸೂಟಿನ ಗುಂಡಿ ಕಿತ್ತುಹೋಗುವ ಹಾಗೆ ನಕ್ಕ.

"ಅತ್ತೆ, ನಮ್ಮ ಮನೆ ಮೂರು ತಲೆಮಾರು ಆ ಪಕ್ಷಕ್ಕೆ ಓಟು ಹಾಕಿಲ್ಲ! ನಿನ್ನ ಒಂದು ಸುಳ್ಳಿಂದ!"

"ಹಾಕದೇ ಇದ್ದದ್ದೇ ಒಳ್ಳೇದಾಯ್ತು ಬಿಡು," ಎಂದಳು ಅತ್ತೆ. ಅವಳ ತುಟಿಯೂ ಅದುರತೊಡಗಿತ್ತು. ಇಬ್ಬರೂ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದಾರಿಯಲ್ಲಿ ಹೋಗುತ್ತಿದ್ದ ಕುಟುಂಬವೊಂದು ನಿಂತು, ಅಧ್ಯಕ್ಷರು ಮುದುಕಿಯೊಬ್ಬಳ ಜೊತೆ ಹೀಗೆ ನಗುತ್ತಿರುವ ಫೋಟೋ ತೆಗೆದುಕೊಂಡಿತು.

ನಗು ನಿಂತ ಮೇಲೆ ಅತ್ತೆ ಕೇಳಿದಳು: "ಆ ತೆಳ್ಳಗಿನವನಿಗೆ ಹೇಳ್ಬೇಕಾ?"

ನಾಲ್ಕು ದಿನದ ಹಿಂದಿನ ಲೈಲ್ ಆಗಿದ್ದರೆ, ಹೋಗಲಿ ಬಿಡು, ಯಾಕೆ ಸುಮ್ಮನೆ, ಅನ್ನುತ್ತಿದ್ದ.

"ಹೇಳ್ಬೇಕು ಅತ್ತೆ. ಇನ್ನೂರು ಜನರ ಮುಂದೆ ಆ ಮನುಷ್ಯನ ಕೈಲಿ ಮಾಡದ ತಪ್ಪಿಗೆ ಕ್ಷಮೆ ಕೇಳಿಸಿದೀನಿ ನಾನು."

"ವಾಪಸ್ ಕೊಡ್ಲಿಲ್ಲವಲ್ಲ, ಅದು ತಪ್ಪೇ."

"ಅದೊಂದು ಇರ್ಲಿ. ಉಳಿದದ್ದು ಹೇಳು. ನಡಿ, ನಾನೂ ಬರ್ತೀನಿ."

ಪಿಂಕ್ನಿ ಆಗತಾನೆ ಕೋಟು ಹಾಕಿಕೊಂಡು ಹೊರಡುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಂತು, ಒಂದೇ ಉಸಿರಿನಲ್ಲಿ, ಪೋಸ್ಟ್ ಆಫೀಸಿನಲ್ಲಿ ತಂತಿ ಓದುವವಳ ಹಾಗೆ, ಎಲ್ಲ ಹೇಳಿಬಿಟ್ಟಳು. ಪಿಂಕ್ನಿ ಬೈಯುತ್ತಾರೆ ಎಂದು ಲೈಲ್ ಕಾದ. ಅವರು ಕೋಟು ಬಿಚ್ಚಿ ಮೊಳೆಗೆ ತೂಗಿಹಾಕಿದರು. ಮುಖ ಹಬ್ಬದ ದಿನದ ಮಗುವಿನದಾಗಿತ್ತು.

"'ಥ್ಯಾಂಕ್ಸ್ ಪುಟ್ಟಿ' ಅಂದ್ರಾ? ಇದೇ ಮಾತಾ? ಡೂಬ್ರಾದಲ್ಲಿ ಅವರು ಜನರ ಜೊತೆ ಏನು ಮಾತಾಡಿದ್ರು ಅಂತ ಒಂದೇ ಒಂದು ಸಾಲೂ ನಮ್ಮ ಹತ್ರ ಇಲ್ಲ. ಕೂತ್ಕೊಳ್ಳಿ. ದಯವಿಟ್ಟು ಕೂತ್ಕೊಳ್ಳಿ." ಅವರು ಧ್ವನಿಮುದ್ರಣದ ಯಂತ್ರ ತಂದು ಮೇಜಿನ ಮೇಲಿಟ್ಟರು. "ಮೊದಲಿಂದ ಹೇಳಿ. ನಿಧಾನವಾಗಿ. ಅವರ ಬೂಟು ಯಾವ ಬಣ್ಣದ್ದಿತ್ತು?"

ಅತ್ತೆ ಎರಡು ಗಂಟೆ ಮಾತಾಡಿದಳು. ರೈಲಿನ ಹೊಗೆ, ಬ್ಯಾಂಡಿನವರ ಅಪಸ್ವರ, ಅಮ್ಮನ ಸೌಟು, ತಮ್ಮನ ಬಿದ್ದ ಹಲ್ಲು. ಒಂದೆರಡು ಕಡೆ ಕಥೆ ಉಬ್ಬತೊಡಗಿದಾಗ ಲೈಲ್ ಕೆಮ್ಮಿದ, ಅವಳು ಅವನನ್ನು ದುರುಗುಟ್ಟಿ ನೋಡಿ, ಮತ್ತೆ ಅಳತೆಗೆ ತಂದಳು. ಕೊನೆಗೆ ಪಿಂಕ್ನಿ ಸ್ವಲ್ಪ ಹಿಂಜರಿಯುತ್ತ, ಸ್ಟೂಲು ವಾಪಸ್ ಬೇಕೆಂದರೆ ಅದಕ್ಕೂ ಒಂದು ಅರ್ಜಿ ಇದೆ ಎಂದರು.

ಅತ್ತೆ ಯೋಚಿಸಿದಳು. "ಅಮ್ಮ ಇಲ್ಲ. ಆ ಕಪಾಟೂ ಇಲ್ಲ. ನನ್ನ ಮಂಡಿಗೆ ಇನ್ನು ಹತ್ತೋ ಯೋಗ ಇಲ್ಲ. ಇಲ್ಲೇ ಇರ್ಲಿ. ಆದ್ರೆ ದಾನ ಅಂತ ಬರೀಬೇಡಿ. ಅವನು ಆಮೇಲೆ ಕೊಡ್ತೀನಿ ಅಂದಿದಾನೆ. ಎರವಲು ಅಂತ ಬರೀರಿ."

ವಾಷಿಂಗ್ಟನ್‌ನಿಂದ ಉತ್ತರ ಬರಲು ಐದು ತಿಂಗಳು ಹಿಡಿಯಿತು. ಮಾರ್ಚಿನ ಒಂದು ಬೆಳಿಗ್ಗೆ, ಹೊರಗೆ ಹಿಮ ಕರಗಿ ಕೆಸರಾಗಿದ್ದಾಗ, ಹೊಸ ಫಲಕವನ್ನು ಸ್ಕ್ರೂ ಹಾಕಿ ಕೂರಿಸಿದವನು ಲೈಲೇ. ಮಾರ್ಗೋ ಅದಕ್ಕೂ ಒಂದು ಕಾರ್ಯಕ್ರಮ ಏರ್ಪಡಿಸಿದ್ದಳು. ಡೂಬ್ರಾದಿಂದ ಒಂದು ಬಸ್ಸು ಜನ, ಮೂರು ಬುಟ್ಟಿ ಕೊಲಾಚೆಯ ಸಮೇತ ಬಂದಿದ್ದರು. ಅತ್ತೆ ಕನ್ನಡಕ ಒರೆಸಿಕೊಂಡು ಗಟ್ಟಿಯಾಗಿ ಓದಿದಳು:

"'ಡೂಬ್ರಾ ಭಾಷಣದ ಸ್ಟೂಲು. ಅಂತೋನಿಯಾ ಪ್ರೊಹಾಸ್ಕಾ ಅವರ ಅಡುಗೆಮನೆಯದು. ಎರವಲು ಕೊಟ್ಟವರು: ಅಲ್ಬೀನಾ ಪ್ರೊಹಾಸ್ಕಾ, ವಯಸ್ಸು ಹತ್ತು. ತಾಯಿಯನ್ನು ಕೇಳಿರಲಿಲ್ಲ.'"

ಡೂಬ್ರಾದವರು ಹೋ ಎಂದು ನಕ್ಕರು. ಕೊನೆಯ ಸಾಲು ಯಾರು ಸೇರಿಸಿದ್ದೆಂದು ಅತ್ತೆ ಸುತ್ತ ನೋಡಿದಳು. ಪಿಂಕ್ನಿ ಚಾವಣಿ ನೋಡುತ್ತಿದ್ದರು.

"ದಾಖಲೆಯಲ್ಲಿದೆ," ಅಂದರು. "ನೀವೇ ಹೇಳಿದ್ದು."

"ನಮ್ಮಮ್ಮ ಇದನ್ನ ಓದಿದ್ರೆ ಇವತ್ತೂ ನಂಗೆ ಏಟು ಬೀಳ್ತಿತ್ತು," ಎಂದಳು ಅತ್ತೆ. ಆದರೆ ಅವಳ ಬೆರಳು ಅಂತೋನಿಯಾ ಎಂಬ ಹೆಸರಿನ ಮೇಲೆ ಒಂದು ಸಲ ಹೋಗಿಬಂತು.

ಆಮೇಲೆ ಅವಳು, ಬಂದದ್ದು ಬಂದಾಯಿತು, ಉಳಿದ ಹಾಲುಗಳನ್ನೂ ನೋಡಿಬಿಡುತ್ತೇನೆ ಎಂದು ಮಾರ್ಗೋಳ ತೋಳು ಹಿಡಿದು ಹೊರಟಳು. ಅಧ್ಯಕ್ಷರ ಪತ್ನಿಯ ರೇಷ್ಮೆ ಗೌನಿನ ಮುಂದೆ ನಿಂತು, ಹೊಲಿಗೆ ಸೊಟ್ಟಗಿದೆ ಎಂದು ಅವಳು ಹೇಳುತ್ತಿದ್ದುದು ಲೈಲ್‌ಗೆ ಮೆಟ್ಟಿಲ ತನಕ ಕೇಳುತ್ತಿತ್ತು. ಅವನು ಒಂದು ಕೊಲಾಚೆ ಕೈಯಲ್ಲಿ ಹಿಡಿದು, ಬೆಳಿಗ್ಗೆಯಿಂದ ತಡವರಿಸುತ್ತಿದ್ದ ಬಾಯ್ಲರನ್ನು ನೋಡಲು ಕೆಳಗಿಳಿದು ಹೋದ.